ಬಯಸಿದ ಬಳಲಿಕೆ, ಬಯಸದ ಬಳಲಿಕೆ

ದೇಹವನ್ನು ದಣಿಸುವುದೆಲ್ಲವೂ ಕಾಯಕವೆನಿಸುವುದಿಲ್ಲವೆಂಬುದು ಶರಣರ ಮಾತುಗಳನ್ನು ಅಲ್ಪಸ್ವಲ್ಪ ಬಲ್ಲವರಿಗೂ ತಿಳಿದ ಸಂಗತಿ. ಜೀವನಕ್ಕಾಗಿ ಪ್ರಾಮಾಣಿಕವಾಗಿ ದುಡಿದು, ದುಡಿದುದರಲ್ಲಿ ತನಗೆ ಸಾಲುವಷ್ಟನ್ನು ಮಾತ್ರ ಇಟ್ಟುಕೊಂಡು, ಮಿಕ್ಕುದನ್ನು ಸಮಾಜಕ್ಕೆ ಸಲ್ಲಿಸಿದಾಗಲೇ ಶ್ರಮವು ಕಾಯಕವಾಗುತ್ತದೆ. ಹಾಗಾದರೆ ಹೊಟ್ಟೆಗೂ ಬೇಕಾಗಿರದ, ಪರರಿಗೂ ಒದಗದ, ಕೇವಲ ಬಯಸಿ ತಂದುಕೊಂಡ ಬಳಲಿಕೆಯ ಗತಿಯೇನು? ಅದು ತಪಸ್ಸೆ, ಆಟವೆ, ಇಲ್ಲವೆ ಅನುಕೂಲವುಳ್ಳವರ ಒಂದು ಬಗೆಯ ವಿಲಾಸವೆ? ಈ ಪ್ರಶ್ನೆ ಈಗ ಗ್ರಂಥದೊಳಗೆ ಮಾತ್ರ ಉಳಿದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಾದಿಗಳಲ್ಲಿ ಅದು ಆಗೊಮ್ಮೆ ಈಗೊಮ್ಮೆ ಎರಡು ಗಾಲಿಗಳ ಮೇಲೆ ಕುಳಿತು ಬರುತ್ತಿದೆ.

ಸೈಕಲ್ಲು ಈ ನಾಡಿಗೆ ಹೊಸದಲ್ಲ. ಟಪಾಲಿನವರು, ಹಳ್ಳಿಯಿಂದ ಹಳ್ಳಿಗೆ ಹೋಗುವ ಶಾಲಾಮಾಸ್ತರರು, ಹಾಲು ಹಾಕುವವರು, ಹೆಗಲಿಗೆ ಬಟ್ಟೆಗಂಟು ಹೊತ್ತ ಚಿಲ್ಲರೆ ವ್ಯಾಪಾರಿಗಳು ಇದನ್ನು ತುಳಿದೇ ಬದುಕಿದರು. 2006–07ರಿಂದ ಹಲವು ವರ್ಷಗಳ ಕಾಲ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಬಾಲಕ ಬಾಲಕಿಯರಿಗೆ ಸೈಕಲ್ಲುಗಳನ್ನು ಹಂಚಿದಾಗ, ದೂರದ ಶಾಲೆ ಹತ್ತಿರವಾಗಿ ಓದು ಮುಂದುವರಿಸಿದ ಹೆಣ್ಣುಮಕ್ಕಳೂ ಉಂಟು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಒಕ್ಕಲು ಮನೆತನಗಳಿಂದ ಬಂದು ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಗೆದ್ದ ಸೈಕಲ್ ಪಟುಗಳೂ ಇದ್ದಾರೆ. ಅವರ ಬೆವರಿನ ಹಿಂದೆ ಆಟವೇ ಅನ್ನದ ದಾರಿಯಾದೀತೆಂಬ ಆಸೆ ಇರುವುದರಿಂದ ಅದನ್ನು ವಿಲಾಸವೆನ್ನುವುದು ಸಲ್ಲದು. ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಇವರಾರನ್ನೂ ಅಲ್ಲ. ಗೆಲ್ಲಲಿಕ್ಕೂ ಅಲ್ಲದೆ, ಗಳಿಸಲಿಕ್ಕೂ ಅಲ್ಲದೆ, ದೂರವನ್ನು ಕ್ರಮಿಸುವುದಕ್ಕಾಗಿಯೇ ದೂರವನ್ನು ಕ್ರಮಿಸುವ ಪ್ರವಾಸಿಯನ್ನು.

ಇಂಥವರ ಸಂಪ್ರದಾಯವೊಂದು ಜಗತ್ತಿನಲ್ಲಿ ಬೆಳೆದುಬಂದಿದೆ. 1891ರಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್ಸಿನಿಂದ ಬ್ರೆಸ್ಟ್ ಎಂಬ ಕಡಲ ತೀರದ ಊರಿಗೆ ಹೋಗಿ ಮರಳುವ ಓಟವೊಂದು ಏರ್ಪಟ್ಟಿತು. ಅದೇ ಹಾದಿಯಲ್ಲಿ ಇಂದು ನಡೆಯುವುದು ಪಂದ್ಯವಲ್ಲ. ಸುಮಾರು 1,200 ಕಿಲೋಮೀಟರನ್ನು 90 ಗಂಟೆಗಳೊಳಗೆ ಮುಗಿಸಿದವರೆಲ್ಲರೂ ಸಮಾನರು, ಮೊದಲಿಗನೂ ಇಲ್ಲ, ಕಡೆಯವನೂ ಇಲ್ಲ. ಇದೇ ನಿಯಮದ ಕಿರಿಯ ಯಾತ್ರೆಗಳು ಭಾರತದಲ್ಲಿಯೂ ನಡೆಯುತ್ತವೆ: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆಗಳ ಅವಧಿ, ಗಾಲಿ ಪಂಕ್ಚರಾದರೆ ತಾನೇ ಸರಿಪಡಿಸಿಕೊಳ್ಳಬೇಕು, ಬೆಂಬಲಕ್ಕೆ ಹಿಂದೆ ವಾಹನ ಬರಕೂಡದು. ಮೇಲು ಕೀಳುಗಳಿಲ್ಲದ ಈ ಏರ್ಪಾಡು ಶರಣಮಾರ್ಗವನ್ನು ಬಲ್ಲವರಿಗೆ ಅಪ್ರಿಯವಾಗಲಾರದು. ಆದರೆ ಪರರ ನೆರವಿಲ್ಲದೆ ಸಾಗಬೇಕೆಂಬ ಅದರ ಇನ್ನೊಂದು ನಿಯಮ ಎಷ್ಟರಮಟ್ಟಿಗೆ ನಿಜವಾದೀತೆಂಬುದನ್ನು ನೋಡಬೇಕಾಗಿದೆ.

ಅಂಥ ಪ್ರವಾಸಿಯೊಬ್ಬನು ಬೆಳಗಿನ ಜಾವ ಇಂಡಿಯನ್ನು ಬಿಟ್ಟು, ಸಿಂದಗಿಯನ್ನು ಹಾಯ್ದು, ದೇವರ ಹಿಪ್ಪರಗಿಯ ಮೇಲಿಂದ ಬಸವನ ಬಾಗೇವಾಡಿಗೆ ಬಂದು, ಮುದ್ದೇಬಿಹಾಳವನ್ನು ದಾಟಿ, ಸಂಜೆಯೊಳಗೆ ಕೃಷ್ಣೆಯ ದಡದ ತಂಗಡಗಿಯನ್ನು ಮುಟ್ಟಬೇಕೆಂದು ಹೊರಟನೆಂದು ಭಾವಿಸಬಹುದು. ಹಾದಿ 150 ಕಿಲೋಮೀಟರಿಗೂ ಮೇಲಾಗುತ್ತದೆ. ಈ ಸೀಮೆಯನ್ನು ಮರುಭೂಮಿಯೆಂದು ಕರೆಯುವವರುಂಟು, ಅದು ಅತಿಶಯೋಕ್ತಿ. ಇಲ್ಲಿ ಮರಳಿಲ್ಲ, ಎರೆಮಣ್ಣಿದೆ. ವರ್ಷದ ಮಳೆ 600 ಮಿಲಿಮೀಟರಿನ ಆಚೀಚೆ. ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳವು ಮೇಲೆ ಹನಿ ಬೀಳದಿದ್ದರೂ ನೆಲದೊಳಗಿನ ಹಸಿಯನ್ನೇ ಹೀರಿ ತೆನೆಗಟ್ಟುವುದು ಈ ಮಣ್ಣಿನ ಗುಣ. ಆದರೆ ರಾಶಿಯಾದ ಮೇಲೆ, ಯುಗಾದಿಯ ಹೊತ್ತಿಗೆ, ಅದೇ ನೆಲವು ಕಾಲು ಸಿಕ್ಕುವಂತೆ ಬಿರಿದು, ಜಾಲಿಯ ಗಿಡದ ಜಾಳುಜಾಳಾದ ನೆರಳನ್ನುಳಿದು ಬೇರೊಂದು ಆಸರೆಯಿಲ್ಲದೆ, 40 ಡಿಗ್ರಿಯನ್ನು ಮೀರಿದ ಬಿಸಿಲಿಗೆ ಮೈಯೊಡ್ಡಿ ಬಿದ್ದಿರುತ್ತದೆ. 1876–78ರ ಬರದಲ್ಲಿ, ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರದೇಶವು ಕಂಡ ಸಾವುಗಳ ನೆನಪು ಇನ್ನೂ ಪೂರ್ತಿಯಾಗಿ ಅಳಿದಿಲ್ಲ. 1964ರಲ್ಲಿ ಆಲಮಟ್ಟಿಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದು, ಕಾಲಾಂತರದಲ್ಲಿ ನಾರಾಯಣಪುರದ ಎಡದಂಡೆಯಿಂದ ಇಂಡಿಯ ಕಡೆಗೂ ಶಾಖಾಕಾಲುವೆ ಹರಿದುಬಂದಿರುವುದರಿಂದ ಹಸಿರಾದ ಹೊಲಗಳು ಈಗ ಕಾಣಸಿಗುತ್ತವೆ. ಆದರೂ ಕಾಲುವೆಯ ನೀರು ಬೇರೆ, ಕೊಡದ ನೀರು ಬೇರೆ.

ಹಾದಿಯಲ್ಲಿ ಈ ಪ್ರವಾಸಿಯನ್ನು ಕಂಡ ಹೊಲದವರು ಕೇಳುವ ಮಾತು ಬಹುಮಟ್ಟಿಗೆ ಒಂದೇ: “ಹರಕೀ ಹೊತ್ತೀರೇನ್ರೀ?” ಈ ಸೀಮೆಯವರಿಗೆ ದೂರದ ಬಳಲಿಕೆಯೆಂದರೆ ಯುಗಾದಿಯ ಸಮಯಕ್ಕೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದುಹೋಗುವುದು. ಬಿಸಿಲಲ್ಲಿ ಹೊರಟವನು ಮಲ್ಲಯ್ಯನ ಕಡೆಗೆ ಹೊರಟಿರಬೇಕೆಂಬುದು ಅವರ ಲೆಕ್ಕ. ಹರಕೆಯಲ್ಲ, ಸುಮ್ಮನೆ ಹೊರಟಿದ್ದೇನೆ ಎಂಬ ಉತ್ತರ ಬಂದರೆ ಅವರಿಗೆ ನಗು. ಬಸ್ಸಿದೆ, ಜೇಬಿನಲ್ಲಿ ಹಣವಿದೆ, ಹೋಗಲೇಬೇಕಾದ ಕೆಲಸವೊಂದೂ ಇಲ್ಲ. ಆದರೂ ಮೈಯನ್ನು ಹೀಗೇಕೆ ಹಿಂಡಿಕೊಳ್ಳಬೇಕು?

ನಗುವವರ ಪಕ್ಷದಲ್ಲಿ ಯುಕ್ತಿಯುಂಟು. ಆದರೂ ಆ ನಗು ಅವಸರದ್ದು. ಶರಣರು ದೇಹವನ್ನು ತಿರಸ್ಕರಿಸಿದವರಲ್ಲ. ಅದನ್ನು ಸುಡಬೇಕಾದ ಕಸವೆಂದೆಣಿಸದೆ ಶಿವನ ನಿಲಯವೆಂದು ಮನ್ನಿಸಿದವರು. ಅದನ್ನು ಸ್ವಸ್ಥವಾಗಿ, ಚುರುಕಾಗಿ ಇಟ್ಟುಕೊಳ್ಳುವುದರಲ್ಲಿ ದೋಷವೇನೂ ಇಲ್ಲ. ಹಾಗಲ್ಲದೆ ಸೈಕಲ್ಲಿನಷ್ಟು ಮಿತವ್ಯಯದ ವಾಹನ ಇನ್ನೊಂದಿಲ್ಲ. ಅಷ್ಟೇ ದೂರವನ್ನು ನಡೆದು ಹೋಗುವವನು ವೆಚ್ಚಮಾಡುವ ಶಕ್ತಿಯ ಸುಮಾರು ಐದನೆಯ ಒಂದು ಪಾಲಿನಿಂದಲೇ ಸೈಕಲ್ಲಿನವನು ಸಾಗುತ್ತಾನೆ. ಕಾರಿನಲ್ಲಿ ಕಣ್ಣುಮುಚ್ಚಿ ಸಾಗುವವನಿಗೆ ಸಪಾಟಾಗಿ ತೋರುವ ಈ ಬಯಲಿನಲ್ಲಿ ಎಷ್ಟು ಏರುಗಳು, ಎಷ್ಟು ಹಳ್ಳಗಳು ಇವೆಯೆಂಬುದನ್ನು ತೊಡೆಗಳೇ ಹೇಳಿಕೊಡುತ್ತವೆ. ಎದುರುಗಾಳಿಯಲ್ಲಿ ಒಂದು ತಾಸು ತುಳಿದವನ ಮನಸ್ಸು, ಪೂಜೆಗೆ ಕುಳಿತಾಗಲೂ ಅಲೆಯುವ ಮನಸ್ಸು, ತಾನಾಗಿ ಒಂದೆಡೆ ನಿಲ್ಲುವುದುಂಟು. ಈ ಲಾಭಗಳನ್ನು ಇಲ್ಲವೆನ್ನುವುದು ನ್ಯಾಯವಲ್ಲ.

ಕೇಡು ಸೇರುವುದು ಬೇರೊಂದು ಕಡೆಯಿಂದ. ಶೂನ್ಯಸಂಪಾದನೆಯಲ್ಲಿ ಬರುವ ಗೋರಕ್ಷನ ಪ್ರಸಂಗ ವಾಚಕರಿಗೆ ಸುವಿದಿತವಾದುದೇ. ಯೋಗಸಾಧನೆಯಿಂದ ಕಾಯವನ್ನು ವಜ್ರವಾಗಿಸಿಕೊಂಡಿದ್ದ ಗೋರಕ್ಷನು ಅಲ್ಲಮಪ್ರಭುವಿನ ಕೈಗೆ ಖಡ್ಗವನ್ನು ಕೊಟ್ಟು ತನ್ನನ್ನು ಹೊಡೆಯೆನ್ನುತ್ತಾನೆ. ಹೊಡೆದ ಖಡ್ಗವು ಖಣಿಲೆಂದು ಸದ್ದು ಮಾಡಿತೇ ಹೊರತು ಮೈಯ ಒಂದು ಕೂದಲೂ ಕೊಂಕಲಿಲ್ಲ. ತರುವಾಯ ಪ್ರಭುವು ಅದೇ ಖಡ್ಗವನ್ನು ಗೋರಕ್ಷನಿಗಿತ್ತು ತನ್ನ ಮೇಲೆ ಬೀಸಲು ಹೇಳಿದಾಗ, ಅದು ಬಯಲಿನಲ್ಲಿ ಆಡಿದಂತೆ ತಡೆಯಿಲ್ಲದೆ ಹಾಯ್ದುಹೋಯಿತು. ಗೋರಕ್ಷನ ದೇಹ ಗಟ್ಟಿಯಾದುದು ತಪ್ಪಾಗಿರಲಿಲ್ಲ. ಆ ಗಟ್ಟಿತನಕ್ಕೆ ಸಾಕ್ಷಿಯೊಬ್ಬನು ಬೇಕೆನಿಸಿತಲ್ಲ, ಅಲ್ಲಿ ಸಿಕ್ಕುಬಿದ್ದನು. ಇಂದಿನ ಪ್ರವಾಸಿಯ ಮುಂಗೈಯ ಮೇಲಿನ ಪುಟ್ಟ ಯಂತ್ರವು ಅವನು ತುಳಿದ ಒಂದೊಂದು ಕಿಲೋಮೀಟರನ್ನೂ, ಎದೆಯ ಒಂದೊಂದು ಬಡಿತವನ್ನೂ ಬರೆದಿಟ್ಟು, ರಾತ್ರಿಯಾಗುವಷ್ಟರಲ್ಲಿ ಸಾವಿರ ಮಂದಿಗೆ ತೋರಿಸಬಲ್ಲದು. ಗೋರಕ್ಷನಿಗಾದರೂ ಒಂದು ಖಡ್ಗವೂ ಒಬ್ಬ ಪ್ರಭುವೂ ಬೇಕಾಗಿದ್ದರು.

ಐದಕ್ಕಿ ಲಕ್ಕಮ್ಮನ ಕಥೆಯೂ ಇಲ್ಲಿ ನೆನಪಾಗದಿರದು. ಗಂಡ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬಾರೆಂದು ಹಿಂದಕ್ಕೆ ಕಳುಹಿದ ತಾಯಿ ಆಕೆ. ದೂರವೂ ಅಕ್ಕಿಯಂತೆ ಆಸೆಯ ವಸ್ತುವಾಗಬಲ್ಲದು. ಇಂದು ನೂರು, ನಾಳೆ ಇನ್ನೂರು, ಆಚೆಗೆ ನಾನೂರು ಎಂದು ಕೂಡಿಸುತ್ತ ಹೋಗುವವನ ಮನೆಯಲ್ಲಿ, ಸಾಕು ಎನ್ನುವವರು ಒಬ್ಬರಿರಬೇಕು.

ಇದೆಲ್ಲ ಪ್ರವಾಸಿಯ ಒಳಗಿನ ಮಾತಾಯಿತು. ಇದಕ್ಕಿಂತ ಗಹನವಾದುದು ಅವನ ನೀರಡಿಕೆಯ ಮಾತು.

ಬಿಸಿಲಿನಲ್ಲಿ ತುಳಿಯುವವನ ಮೈಯಿಂದ ತಾಸಿಗೆ ಸುಮಾರು ಒಂದು ಲೀಟರಿನಷ್ಟು ಬೆವರು ಹರಿದುಹೋಗುತ್ತದೆ. ಬಿಸಿಲು ಬಲಿತರೆ ಅದಕ್ಕೂ ಹೆಚ್ಚು. ಅದನ್ನು ತುಂಬಿಕೊಳ್ಳದಿದ್ದರೆ ಮೊದಲು ತಲೆನೋವು, ಬಳಿಕ ಸ್ನಾಯುಗಳ ಸೆಳೆತ, ಕಡೆಗೆ ಪ್ರಾಣಕ್ಕೇ ಅಪಾಯ. ಆದಕಾರಣ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಅವನು ಎಂಟು ಹತ್ತು ಲೀಟರು ನೀರನ್ನಾದರೂ ಕುಡಿಯಬೇಕು. ಸೈಕಲ್ಲಿಗೆ ಸಿಕ್ಕಿಸಿದ ಎರಡು ಬಾಟಲಿಗಳಲ್ಲಿ ಹಿಡಿಯುವುದು ಒಂದೂವರೆ, ಎರಡು ಲೀಟರು. ಉಳಿದುದೆಲ್ಲ ಹಾದಿಯ ಊರುಗಳಿಂದ ಬರಬೇಕು. ಲೆಕ್ಕವನ್ನು ಇನ್ನೊಂದು ಬಗೆಯಾಗಿ ಹಾಕಿದರೆ, ಒಬ್ಬ ಹೆಣ್ಣುಮಗಳು ತಲೆಯ ಮೇಲೆ ಹೊತ್ತು ತರುವ ಒಂದು ಕೊಡದ ಬಹುಪಾಲು ಅವನೊಬ್ಬನಿಗೆ ಒಂದು ದಿನಕ್ಕೆ ಬೇಕು. ನಲ್ಲಿಗಳು ಬಂದಿರುವ ಊರುಗಳಿವೆ. ಬಂದ ನಲ್ಲಿಯಲ್ಲಿ ನೀರು ಬಾರದ ದಿನಗಳೂ, ಟ್ಯಾಂಕರಿನ ಹಾದಿ ಕಾಯ್ದು ಕೊಡಗಳನ್ನು ಸಾಲಾಗಿಟ್ಟ ಬೇಸಿಗೆಗಳೂ ಈ ಸೀಮೆಗೆ ಅಪರಿಚಿತವಲ್ಲ. ಅಲ್ಲಿ ಆ ಒಂದು ತಂಬಿಗೆ ನೀರು ಯಾರದೋ ಸೊಂಟದ, ಕುತ್ತಿಗೆಯ ಶ್ರಮದಿಂದ ಬಂದುದು. ನೆರವಿಲ್ಲದೆ ಸಾಗಿದೆನೆಂದು ಪ್ರವಾಸಿಯು ನಂಬಿದ್ದರೆ, ಅದು ಹೆಸರು ಕೇಳದೆ ಪಡೆದ ನೆರವನ್ನು ಲೆಕ್ಕಕ್ಕೆ ಹಿಡಿಯದ ನಂಬಿಕೆ. ಅವನು ಬಯಸಿ ತಂದುಕೊಂಡ ಬಳಲಿಕೆಯನ್ನು ಮತ್ತೊಬ್ಬಳ ಬಯಸದ ಬಳಲಿಕೆ ಹೊತ್ತು ಸಾಗಿಸಿತು.

ಎರಡಕ್ಕೂ ಇರುವ ಅಂತರವನ್ನು ಮರೆಯಬಾರದು. ಬಯಸಿದ ಬಳಲಿಕೆ ತನ್ನ ಋತುವನ್ನು ತಾನೇ ಆರಿಸಿಕೊಳ್ಳುತ್ತದೆ. ಪುಷ್ಯ ಮಾಘಗಳ ತಂಪಿನಲ್ಲಿ ಹೊರಡಬಹುದು, ಸಾಕೆನಿಸಿದಲ್ಲಿ ನಿಲ್ಲಬಹುದು, ಬಾಗೇವಾಡಿಯಲ್ಲಿ ಬಸ್ಸಿನ ನೆತ್ತಿಗೆ ಸೈಕಲ್ಲನ್ನು ಕಟ್ಟಿ ಮನೆಗೆ ಮರಳಬಹುದು. ಸಿಂದಗಿ, ಇಂಡಿ, ಮುದ್ದೇಬಿಹಾಳಗಳಿಂದ ಗುಳೆ ಹೊರಟು, ಹಾಸಿಗೆ ಪಾತ್ರೆಗಳ ಗಂಟಿನ ಮೇಲೆ ಕೂಸನ್ನು ಕೂರಿಸಿಕೊಂಡು ಗೋವೆಗೋ ಪುಣೆಗೋ ಬೆಂಗಳೂರಿಗೋ ಹೋಗುವ ಕುಟುಂಬಕ್ಕೆ ಈ ಆಯ್ಕೆಗಳೊಂದೂ ಇಲ್ಲ. ಅವರೂ ಇದೇ ಹಾದಿಯಲ್ಲಿ ಹೋಗುತ್ತಾರೆ. ಅವರನ್ನು ನಿಲ್ಲಿಸಿ ಎಷ್ಟು ದೂರ ಬಂದಿರೆಂದು ಬೆರಗಿನಿಂದ ಕೇಳುವವರಿಲ್ಲ.

ದೇವರ ಹಿಪ್ಪರಗಿಯು ಮಡಿವಾಳ ಮಾಚಿದೇವರ ಊರು. ನೀರು ದುರ್ಲಭವಾದ ಸೀಮೆಯಲ್ಲಿ ನೀರಿನೊಳಗೆ ನಿಂತು ಮಾಡುವ ಕಾಯಕವನ್ನು ಎತ್ತಿಹಿಡಿದ ಶರಣನ ಊರನ್ನು ಪ್ರವಾಸಿಯು ಮಧ್ಯಾಹ್ನದ ಹೊತ್ತಿಗೆ ದಾಟುವಾಗ ಅವನ ಅಂಗಿಯ ಮೇಲೆ ಬೆವರು ಒಣಗಿ ಉಪ್ಪಿನ ಗೆರೆಗಳು ಮೂಡಿರುತ್ತವೆ. ಆ ಅಂಗಿಯನ್ನು ನಾಳೆ ಒಗೆಯುವವರಾರೆಂಬುದು ಅವನ ಯಂತ್ರದಲ್ಲಿ ದಾಖಲಾಗುವುದಿಲ್ಲ. ಇರಲಿ, ಇಷ್ಟು ಹೊತ್ತು ದೋಷವನ್ನೆಲ್ಲ ಕುಡಿಯುವವನ ಮೇಲೆಯೇ ಹೊರಿಸಿದಂತಾಯಿತು. ಕೊಡುವವರನ್ನೂ ಕೇಳಬೇಕಾದುದೊಂದಿದೆ, ಮತ್ತು ಈ ಪುಟಗಳನ್ನು ಓದುವವರಲ್ಲಿ ಹೆಚ್ಚಿನವರು ಕೊಡುವ ಮನೆಯವರೇ ಆಗಿದ್ದಾರೆ.

ಬಣ್ಣದ ಹೆಲ್ಮೆಟ್ಟು, ಹಗುರವಾದ ಬೆಲೆಬಾಳುವ ಸೈಕಲ್ಲು, ಕಪ್ಪು ಕನ್ನಡಕಗಳೊಡನೆ ಅಂಗಳದಲ್ಲಿ ಬಂದು ನಿಂತ ಅಪರಿಚಿತನಿಗೆ ಈ ಸೀಮೆಯ ಮನೆಗಳು ಬೆಳಗಿದ ತಂಬಿಗೆಯಲ್ಲಿ ನೀರು ಕೊಡುತ್ತವೆ. ಕಟ್ಟೆಯ ಮೇಲೆ ಕೂರಿಸಿ ಮಜ್ಜಿಗೆ ತರುತ್ತವೆ. ಒಂದು ಕಟಕ ರೊಟ್ಟಿ, ಶೇಂಗಾದ ಹಿಂಡಿ ಮುಂದಿಟ್ಟು ಉಣ್ಣದೆ ಹೋಗಬಾರದೆನ್ನುತ್ತವೆ. ಅವನ ಕುಲವನ್ನು ಯಾರೂ ಕೇಳುವುದಿಲ್ಲ, ಕೇಳದಿರುವುದೇ ಸರಿ. ಆದರೆ ಅದೇ ಬಿಸಿಲಿನಲ್ಲಿ, ಅದೇ ಅಂಗಳದ ಮುಂದೆ, ಹೊಲದ ಕಸ ತೆಗೆದು ಮರಳುವ ಕೂಲಿಯವನೊಬ್ಬನು ನೀರು ಬೇಡಿದರೆ ಏನಾಗುತ್ತದೆ? ಅವನ ಕುಲವನ್ನು ಕೇಳಬೇಕಾಗಿಯೇ ಇಲ್ಲ, ಊರಿಗೆಲ್ಲ ಗೊತ್ತಿದೆ. ಎಲ್ಲ ಮನೆಗಳಲ್ಲಿ ಅಲ್ಲದಿದ್ದರೂ, ತಂಬಿಗೆಯನ್ನು ಮೇಲೆತ್ತಿ ಬೊಗಸೆಗೆ ನೀರು ಹೊಯ್ಯುವ ಮನೆಗಳುಂಟು. ಬೇರೊಂದು ಲೋಟವನ್ನು ಮಾಡದಲ್ಲಿಯೋ ಗೋಡೆಯ ಸಂದಿನಲ್ಲಿಯೋ ಇಟ್ಟಿರುವ ಮನೆಗಳುಂಟು. ಅವುಗಳಲ್ಲಿ ಕೆಲವು ಮನೆಗಳ ಪಡಸಾಲೆಯಲ್ಲಿ ಬಸವಣ್ಣನವರ ಪಟವೂ ಉಂಟು. ಬೆಳಗ್ಗೆ ಹೂವೇರಿಸಿದ ಆ ಪಟದ ಕೆಳಗಿನಿಂದಲೇ ಎರಡು ಬಗೆಯ ನೀರು ಹೊರಡುತ್ತದೆ.

ಇಬ್ಬರ ನೀರಡಿಕೆಯಲ್ಲಿ ಭೇದವಿಲ್ಲ. ಭೇದವಿದ್ದರೆ ಅದು ಕೂಲಿಯವನ ಪರವಾಗಿದೆ. ಅವನು ದಣಿದುದು ಯಾರದೋ ಹೊಲ ಹಸನಾಗಲೆಂದು. ಆದರೂ ಬೇಕೆಂದು ದಣಿದವನಿಗೆ ಕಟ್ಟೆ, ಬೇಡದಿದ್ದರೂ ದಣಿದವನಿಗೆ ಬೊಗಸೆ. ಹನ್ನೆರಡನೆಯ ಶತಮಾನದಲ್ಲಿ ಇದೇ ಬಾಗೇವಾಡಿಯಿಂದ ಹೊರಟವನೊಬ್ಬನು ಬಂದವನನ್ನು ಯಾರವನೆಂದು ಕೇಳಬಾರದೆಂದು ಕಲಿಸಿದನೆಂಬುದನ್ನು ಬಲ್ಲವರು, ಕೇಳದೆ ಇರುವುದಕ್ಕೆ ಎರಡು ಕಾರಣಗಳಿವೆಯೆಂಬುದನ್ನೂ ಗಮನಿಸಬೇಕು. ಒಬ್ಬನನ್ನು ಕೇಳದಿರುವುದು ಅವನ ವೇಷವೇ ಉತ್ತರ ಹೇಳಿದುದರಿಂದ. ಇನ್ನೊಬ್ಬನನ್ನು ಕೇಳದಿರುವುದು ಉತ್ತರ ಮೊದಲೇ ತಿಳಿದಿರುವುದರಿಂದ. ಬಸವಣ್ಣನವರು ಹೇಳಿದ ಕೇಳದಿರುವಿಕೆ ಇವೆರಡೂ ಅಲ್ಲ.

ಬೇಸಿಗೆಯಲ್ಲಿ ಊರ ಹೊರಗೆ ಮಡಕೆಗಳನ್ನು ಹೂತು ಅರವಟ್ಟಿಗೆ ಇಡುವ ರೂಢಿಯಲ್ಲಿ ಈ ಭೇದವನ್ನು ಅಳಿಸುವ ಉಪಾಯವೊಂದು ಅಡಗಿದೆ. ಅಲ್ಲಿ ನೀರು ಕೊಡುವವರ ಮುಖ ಕಾಣದು, ಮಡಕೆಯೊಂದು, ಲೋಟವೊಂದು, ಬಂದವರು ತಾವೇ ಮೊಗೆದುಕೊಳ್ಳುತ್ತಾರೆ. ಆದರೆ ಅರವಟ್ಟಿಗೆಯಲ್ಲಿಯೂ ಮೊಗೆದು ಹೊಯ್ಯಲು ಒಬ್ಬರನ್ನು ಕೂರಿಸಿದಲ್ಲಿ ಹಳೆಯ ರೋಗ ಹಿಂಬಾಗಿಲಿನಿಂದ ಮರಳಿ ಬರುವುದುಂಟು. ಕೂರಿಸುವವರು ಯಾರನ್ನು ಕೂರಿಸುತ್ತಾರೆಂಬುದರ ಮೇಲೆ ಅದು ನಿಂತಿದೆ.

ಪ್ರವಾಸಿಯು ತಾನು ಕುಡಿದ ನೀರಿಗೆ ಏನನ್ನು ಕೊಡಬೇಕು? ಹಣ ನೀಡಿದರೆ ಈ ಸೀಮೆಯ ಹೆಣ್ಣುಮಕ್ಕಳು ನೊಂದುಕೊಳ್ಳುತ್ತಾರೆ. ನೀರಿಗೆ ರೊಕ್ಕವೆ ಎಂದು ಬಾಗಿಲು ಹಾಕಿಕೊಂಡರೂ ಆಶ್ಚರ್ಯವಿಲ್ಲ. ನಿಲ್ಲಬೇಕಾದ ಮನೆಗಳನ್ನು ಅವನು ನೋಡಿ ಆರಿಸಬಹುದು. ತಾಲ್ಲೂಕು ಊರುಗಳಲ್ಲಿ ನೀರು ತುಂಬಿಕೊಂಡು, ಕೊಡಗಳ ಸಾಲು ಕಂಡ ಓಣಿಯಲ್ಲಿ ಬಾಟಲಿಯನ್ನು ಚಾಚದೆ ಮುಂದೆ ಸಾಗಬಹುದು. ಇಷ್ಟು ವಿವೇಕವನ್ನು ಯಾರಿಂದಲೂ ನಿರೀಕ್ಷಿಸಬಹುದಾಗಿದೆ. ಉಳಿದ ಋಣ ಉಳಿಯಲಿ. ದಾಸೋಹವೆಂಬುದು ತೀರಿಸಿದ ಲೆಕ್ಕವಲ್ಲ. ಅದೇ ಹಾದಿಯಲ್ಲಿ ಬೊಗಸೆಯೊಡ್ಡಿ ಕುಡಿಯುತ್ತಿರುವವನನ್ನು ಕಂಡಾಗ, ತನಗಿತ್ತ ತಂಬಿಗೆಯನ್ನು ಅವನತ್ತ ಚಾಚುವಷ್ಟು ಧೈರ್ಯ ಆ ಅತಿಥಿಗೆ ಬಂದರೆ, ಆ ಮನೆಯವರು ಮುನಿದರೂ ಮುನಿಯಬಹುದು. ಅವರಿಗೆ ಅದಕ್ಕಿಂತ ಹೆಚ್ಚಿನ ಪ್ರತ್ಯುಪಕಾರವನ್ನು ಅವನು ಮಾಡಲಾರನು.

ಹಾಗೆ ಅಲ್ಲಿ ನಿಂತರೆ ಹೊತ್ತು ಹೋಗುತ್ತದೆ. ಹದಿಮೂರೂವರೆ ಗಂಟೆಯ ನಿಯಮ ತಪ್ಪುತ್ತದೆ, ಗುರಿ ಮುಟ್ಟುವುದಾಗುವುದಿಲ್ಲ. ದೂರವನ್ನೇ ವ್ರತವಾಗಿ ಹಿಡಿದವನಿಗೆ ಇದು ಸೋಲಾಗಿ ತೋರುವುದು ಸಹಜ. ಅವನು ಮುಟ್ಟಬೇಕೆಂದಿದ್ದ ತಂಗಡಗಿಯಲ್ಲಿಯೇ ಇದಕ್ಕೆ ಉತ್ತರವಾಗಬಲ್ಲ ಒಂದು ಐತಿಹ್ಯವಿದೆ. ಕಲ್ಯಾಣದ ಕ್ರಾಂತಿಯ ತರುವಾಯ ಕೂಡಲಸಂಗಮದಲ್ಲಿದ್ದ ಬಸವಣ್ಣನವರು ನೀಲಾಂಬಿಕೆಯನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳುಹಿಸಿದರು. ಆ ತಾಯಿ ದೂರದ ಹಾದಿಯನ್ನು ಸವೆಸಿ ಕೃಷ್ಣೆಯ ಈ ದಡದ ತಂಗಡಗಿಗೆ ಬಂದಳು. ಸಂಗಮವು ಅಲ್ಲಿಗೆ ಬಹಳ ದೂರವಲ್ಲ. ಹೊಳೆಯನ್ನು ದಾಟುವುದಷ್ಟೇ ಮುಖ್ಯವಾಗಿ ಉಳಿದಿತ್ತು. ಬಸವಣ್ಣನವರು ಐಕ್ಯರಾದ ವಾರ್ತೆ ಅಲ್ಲಿ ತಲುಪಿತು. ಆಕೆ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಅಲ್ಲಿರುವ ಸಂಗಯ್ಯನು ಇಲ್ಲಿಯೂ ಇರುವನೆಂಬ ನಿಶ್ಚಯದಿಂದ ಆ ದಡದಲ್ಲಿಯೇ ಐಕ್ಯಳಾದಳೆಂದು ಸಂಪ್ರದಾಯವು ಹೇಳುತ್ತದೆ. ಹೊಳೆಯಾಚೆಯ ಕೂಡಲಸಂಗಮಕ್ಕೆ ಹೋಗುವ ಜನರಲ್ಲಿ ಹಲವರು ತಂಗಡಗಿಗೂ ಬಂದುಹೋಗುತ್ತಾರೆ.